ಶಬ್ದಾಕುಲಿತ ಪ್ರಾರ್ಥನೆ

ಶಿವಾರ್ಯರ 'ಭಗವತೀ ಆರಾಧನೆ'ಯು ಆಲೋಚನೆಯ ಹತ್ತು ದೋಷಗಳನ್ನು ಎಣಿಸಿ ಹೇಳುತ್ತದೆ. ಇಲ್ಲಿ ಆಲೋಚನೆಯೆಂದರೆ ಇಂದಿನ ಕನ್ನಡದ 'ಯೋಚನೆ'ಯಲ್ಲ; ತಾನು ಮಾಡಿದ ತಪ್ಪನ್ನು ಗುರುವಿನೆದುರು ಇದ್ದುದನ್ನು ಇದ್ದಂತೆ ನಿವೇದಿಸಿಕೊಳ್ಳುವ ಕ್ರಮ. ಆ ಹತ್ತರಲ್ಲಿ ಒಂದಕ್ಕೆ 'ಶಬ್ದಾಕುಲಿತ'ವೆಂದು ಹೆಸರು. ಬಹುಮಂದಿ ಒಟ್ಟಿಗೆ ದೋಷನಿವೇದನೆ ಮಾಡುತ್ತಿರುವ ಗದ್ದಲದ ನಡುವೆ, ಯಾರ ಕಿವಿಗೂ ಸ್ಪಷ್ಟವಾಗಿ ಬೀಳದಂತೆ ತನ್ನದನ್ನೂ ಹೇಳಿ ಮುಗಿಸಿಬಿಡುವುದೇ ಆ ದೋಷ. 'ವಡ್ಡಾರಾಧನೆ'ಯ ಹತ್ತೊಂಬತ್ತು ಕಥೆಗಳ ಬೇರು ಇದೇ ಗ್ರಂಥದ ಗಾಹೆಗಳಲ್ಲಿರುವುದರಿಂದ ಕನ್ನಡ ಶ್ರಾವಕರಿಗೆ ಇದೇನೂ ದೂರದ ಶಾಸ್ತ್ರವಲ್ಲ. ಶಾಲೆಗಳ ಬೆಳಗಿನ ಪ್ರಾರ್ಥನೆಯನ್ನು ವಿಮರ್ಶಿಸಹೊರಟವರಿಗೆ ಈ ಪದಕ್ಕಿಂತ ಹರಿತವಾದ ಉಪಕರಣ ಸಿಗುವುದು ಕಷ್ಟ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಈ ನಾಲ್ಕು ತಾಲ್ಲೂಕುಗಳ ಯಾವುದೇ ಶಾಲೆಯ ಅಂಗಳದಲ್ಲಿ ಬೆಳಗಿನ ಹೊತ್ತು ಕಾಣುವ ನೋಟ ಹೆಚ್ಚುಕಡಿಮೆ ಒಂದೇ. ಮಕ್ಕಳು ಎತ್ತರಕ್ಕೆ ತಕ್ಕಂತೆ ಸಾಲುಗಟ್ಟುತ್ತಾರೆ. 'ಸಾವಧಾನ್', 'ವಿಶ್ರಾಮ್' ಎಂಬ ಕೂಗು. ಆಮೇಲೆ ಪ್ರಾರ್ಥನೆ, ನಾಡಗೀತೆ, ಪ್ರತಿಜ್ಞೆ, ದಿನದ ಸುದ್ದಿ, ದಿನಕ್ಕೊಂದು ನುಡಿಮುತ್ತು, ರಾಷ್ಟ್ರಗೀತೆ. ನಾಡಗೀತೆಯನ್ನು 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಸರಕಾರವು 2022ರಲ್ಲಿ ಗೊತ್ತುಮಾಡಿತು. ಸಂವಿಧಾನದ ಪೀಠಿಕೆಯನ್ನು ಓದಿಸಬೇಕೆಂಬ ತೀರ್ಮಾನ 2023ರಲ್ಲಿ ಬಂತು. ಇವುಗಳಲ್ಲಿ ಯಾವುದೂ ಬೇಡದ್ದಲ್ಲ. ಆದರೆ ಈ ಇಡೀ ಪಟ್ಟಿಯಲ್ಲಿ ಮಗು ಬಾಯಿ ಮುಚ್ಚಿ ತನ್ನೊಳಗೆ ತಾನಿರಲು ಅರೆಗಳಿಗೆಯೂ ಇಲ್ಲ. ನೂರು ಕಂಠಗಳ ನಡುವೆ ತನ್ನ ಕಂಠ ಕೇಳಿಸದೆ, ತುಟಿ ಮಾತ್ರ ಆಡಿಸಿ ನಿಂತ ಹುಡುಗನೂ ಪ್ರಾರ್ಥನೆ ಮಾಡಿದವರ ಲೆಕ್ಕಕ್ಕೆ ಸೇರುತ್ತಾನೆ. ಶಬ್ದಾಕುಲಿತವೆಂದರೆ ಇದೇ.

ಈ ಕೊರತೆಯನ್ನು ಹಿರಿಯರು ಕಂಡಿರಲಿಲ್ಲವೆಂದಲ್ಲ. ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ 1948-49ರಲ್ಲಿ ಕೆಲಸ ಮಾಡಿದ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು ವಿದ್ಯಾಸಂಸ್ಥೆಗಳ ದಿನಚರಿಯು ಕೆಲವು ನಿಮಿಷಗಳ ಮೌನಧ್ಯಾನದಿಂದ ಆರಂಭವಾಗಬೇಕೆಂದು ಸಲಹೆ ಮಾಡಿತು. 1959ರಲ್ಲಿ ನೇಮಕಗೊಂಡ ಶ್ರೀಪ್ರಕಾಶ ಸಮಿತಿಯೂ ತರಗತಿಯಲ್ಲಾಗಲಿ ಸಭಾಂಗಣದಲ್ಲಾಗಲಿ ಹಾಗೆಯೇ ನಡೆಯಲಿ ಎಂದಿತು. ಎರಡು ವರದಿಗಳೂ ಕೇಳಿದ್ದು ಮೌನವನ್ನು. ಶಾಲೆಗಳು ಉಳಿಸಿಕೊಂಡದ್ದು ಹಾಡನ್ನು. ಕಾರಣ ಸರಳ. ಹಾಡನ್ನು ಮೇಲಿನಿಂದ ನಿಂತು ಪರಿಶೀಲಿಸಬಹುದು, ವಾರ್ಷಿಕೋತ್ಸವದಲ್ಲಿ ಪ್ರದರ್ಶಿಸಬಹುದು, ಬಹುಮಾನ ಕೊಡಬಹುದು. ಮೌನವನ್ನು ತಪಾಸಣೆ ಮಾಡಲು ಯಾವ ಅಧಿಕಾರಿಗೂ ಬಾರದು. 2022ರ ನವೆಂಬರಿನಲ್ಲಿ ಶಾಲೆಗಳಲ್ಲಿ ನಿತ್ಯ 10 ನಿಮಿಷ ಧ್ಯಾನ ಮಾಡಿಸುವ ಮಾತನ್ನು ರಾಜ್ಯದ ಶಿಕ್ಷಣ ಸಚಿವರು ಎತ್ತಿದಾಗ ನಡೆದ ವಾಗ್ವಾದವಾದರೂ ಧ್ಯಾನ ಯಾರ ಸೊತ್ತೆಂಬುದರ ಸುತ್ತ ತಿರುಗಿತೇ ಹೊರತು, ಹತ್ತು ವರ್ಷದ ಮಗು ಆ ಹತ್ತು ನಿಮಿಷ ಏನು ಮಾಡಬೇಕೆಂಬ ಪ್ರಶ್ನೆಗೆ ಬರಲಿಲ್ಲ.

ಕಾನೂನಿನ ಮಾತೂ ಇದೆ. ಸಂವಿಧಾನದ 28ನೆಯ ವಿಧಿಯಂತೆ ಸಂಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಸಲ್ಲದು. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪಾಲಕರ ಸಮ್ಮತಿಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಯಲ್ಲಿ ಅಥವಾ ಪೂಜೆಯಲ್ಲಿ ಭಾಗವಹಿಸುವಂತೆ ಒತ್ತಾಯಿಸಬಾರದು. ಈ ಎರಡನೆಯ ಮಾತು ಸಮಾಜದ ಟ್ರಸ್ಟುಗಳು ನಡೆಸುವ ಶಾಲೆಗಳಿಗೂ ಅನ್ವಯಿಸುತ್ತದೆಯೆಂಬುದು ಆಡಳಿತ ಮಂಡಳಿಯ ಸಭೆಗಳಲ್ಲಿ ಪ್ರಸ್ತಾಪಕ್ಕೆ ಬರುವುದು ವಿರಳ. ಬಾಯಿ ತೆರೆಯದೆ ನಿಲ್ಲುವ ಮಗುವನ್ನು ಹೇಗೆ ಕಾಣಬೇಕೆಂಬುದಕ್ಕೆ ನೆರೆಯ ಕೇರಳದಿಂದ ಬಂದ ಮೊಕದ್ದಮೆಯೊಂದು ದಾರಿ ತೋರಿಸಿದೆ. ತಮ್ಮ ಮತದ ನಂಬಿಕೆಯ ಕಾರಣದಿಂದ ರಾಷ್ಟ್ರಗೀತೆಯನ್ನು ಹಾಡದೆ, ಆದರೆ ಎಲ್ಲರೊಡನೆ ಗೌರವದಿಂದ ಎದ್ದು ನಿಲ್ಲುತ್ತಿದ್ದ ಮೂವರು ಮಕ್ಕಳನ್ನು 1985ರಲ್ಲಿ ಶಾಲೆಯಿಂದ ಹೊರಹಾಕಲಾಯಿತು. ಬಿಜೋ ಇಮ್ಯಾನುಯೆಲ್ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ಮಕ್ಕಳ ಪರವಾಗಿ ತೀರ್ಪಿತ್ತಿತು. ರಾಷ್ಟ್ರಗೀತೆಯ ವಿಷಯದಲ್ಲೇ ಮೌನಕ್ಕೆ ಇಷ್ಟು ಮನ್ನಣೆಯಿರುವಾಗ ಪ್ರಾರ್ಥನೆಯ ವಿಷಯದಲ್ಲಿ ಇನ್ನೆಷ್ಟಿರಬೇಕು!

ಸಮಾಜದ ಶಾಲೆಗಳಲ್ಲಿ ಣಮೋಕಾರ ಮಂತ್ರವನ್ನು ಎಲ್ಲ ಮಕ್ಕಳಿಂದಲೂ ಹೇಳಿಸುವುದಕ್ಕೆ ಒಂದು ಸಮರ್ಥನೆ ಸಿದ್ಧವಾಗಿಯೇ ಇರುತ್ತದೆ. ಅದರಲ್ಲಿ ಯಾವ ವ್ಯಕ್ತಿಯ ಹೆಸರೂ ಇಲ್ಲ, ಯಾವ ಬೇಡಿಕೆಯೂ ಇಲ್ಲ, ಗುಣಕ್ಕೆ ನಮಸ್ಕಾರವಷ್ಟೇ; ಆದ್ದರಿಂದ ಅದು ಎಲ್ಲರದೂ ಎಂದು. ಮಂತ್ರದ ಬಗ್ಗೆ ಈ ಮಾತು ನಿಜ. ಮಾಡಿಸುವ ರೀತಿಯ ಬಗ್ಗೆ ನಿಜವಲ್ಲ. ಒಪ್ಪಿ ನಮಸ್ಕರಿಸಿದಾಗ ಮಾತ್ರ ಅದು ನಮಸ್ಕಾರ. ಬೇರೆ ಮನೆತನದ ಮಗುವಿಗೆ ಅದು ಪಾಠದಂತೆ ಒಪ್ಪಿಸುವ ಐದು ಸಾಲು. ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚು ಯೋಚಿಸತಕ್ಕದ್ದು. ಎಸ್.ಎಸ್.ಎಲ್.ಸಿ. ಪರೀಕ್ಷೆ ಹತ್ತಿರವಾದಂತೆ ಅದೇ ಮಂತ್ರವನ್ನು ಅಂಕಗಳಿಗಾಗಿ ಜಪಿಸುವ ರೂಢಿ ಮನೆಗಳಲ್ಲಿಯೂ ಬಸದಿಗಳಲ್ಲಿಯೂ ಬೆಳೆದಿದೆ. ಏನನ್ನೂ ಬೇಡದ ಮಂತ್ರದಿಂದ ಶೇಕಡ 90 ಅಂಕ ಬೇಡುವುದು! ಶಾಸ್ತ್ರವು ಫಲದ ಬಯಕೆಯನ್ನು ನಿದಾನವೆಂದು ಕರೆದು, ಮಾಯೆ ಮಿಥ್ಯಾತ್ವಗಳೊಡನೆ ಮೂರು ಶಲ್ಯಗಳಲ್ಲಿ ಸೇರಿಸಿದೆ. ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿಯೂ ಅದಕ್ಕೆ ಸ್ಥಾನವಿದೆ. ಶಲ್ಯವೆಂದರೆ ಮೈಯಲ್ಲಿ ಮುರಿದು ಉಳಿದ ಮುಳ್ಳು. ಪರೀಕ್ಷೆಗೆ ಹೆದರಿದ ಮಗುವಿನ ಕಾಲಿಗೆ ಹಿರಿಯರೇ ಇನ್ನೊಂದು ಮುಳ್ಳು ಚುಚ್ಚಿದಂತೆ ಇದು.

ಣಮೋಕಾರದ ಬದಲು 'ಮೇರೀ ಭಾವನಾ' ಹಾಡಿಸಬಹುದೆಂಬ ಸಲಹೆಯೂ ಆಗಾಗ ಕೇಳಿಬರುತ್ತದೆ. ಜುಗಲ್ ಕಿಶೋರ್ ಮುಖ್ತಾರರು 1916ರಲ್ಲಿ ಬರೆದ ಹನ್ನೊಂದು ಪದ್ಯಗಳ ಈ ಕೃತಿ ಸಾಮಾನ್ಯವಾದುದಲ್ಲ. ಮೊದಲ ಪದ್ಯದಲ್ಲಿಯೇ ಅದು ಬುದ್ಧ, ವೀರ, ಜಿನ, ಹರಿ, ಹರ, ಬ್ರಹ್ಮ ಎಂಬ ಹೆಸರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ರಾಗದ್ವೇಷಗಳನ್ನು ಗೆದ್ದವನು ಯಾರಾದರೂ ಆಗಲಿ ಎನ್ನುತ್ತದೆ. ಹಾಡುವವನು ವಸ್ತುವನ್ನು ಬೇಡದೆ ಸ್ವಭಾವವನ್ನು ಬೇಡುತ್ತಾನೆ. 'ನಾವು' ಎಂಬ ಗುಂಪಿನಲ್ಲಿ ಅಡಗದೆ 'ನಾನು' ಎಂದು ಹೇಳಿಕೊಳ್ಳುತ್ತಾನೆ. ಶಾಲೆಯ ಪ್ರಾರ್ಥನೆಗಳಲ್ಲಿ ಈ ಏಕವಚನ ಅಪರೂಪ, ಮತ್ತು ಅದೇ ಕೃತಿಯ ದೊಡ್ಡ ಗುಣ. ಆದರೆ ಅದು ಪ್ರೌಢನ ಏಕವಚನ. ಪರಧನ, ಪರಸ್ತ್ರೀಯರ ಆಸೆ ಬೇಡವೆನ್ನುವುದು, ಲಕ್ಷ್ಮಿ ಬಂದರೂ ಹೋದರೂ, ಸಾವು ಇಂದೇ ಬಂದರೂ ನ್ಯಾಯಮಾರ್ಗ ಬಿಡೆನೆನ್ನುವುದು, ಇವು ಬದುಕನ್ನು ಕಂಡವನ ಬಾಯಲ್ಲಿ ಗಂಭೀರ. ಐದನೆಯ ತರಗತಿಯ ಹುಡುಗಿಯ ಬಾಯಲ್ಲಿ ಎರವಲು. ತ್ಯಾಮಗೊಂಡ್ಲಿನ ಕಡೆಯ ಮಗುವಿಗೆ ಅದರ ಹಿಂದಿ ಬೇರೆ ಪಾಠಪುಸ್ತಕದ ಹಿಂದಿ. ಕನ್ನಡಕ್ಕೆ ತಂದು ಹಾಡಿಸಿದರೂ ಮೊದಲ ತೊಡಕು ಹಾಗೆಯೇ ಉಳಿಯುತ್ತದೆ. ಅದು ದೊಡ್ಡವರು ಮನೆಯಲ್ಲಿ ಓದಬೇಕಾದ ಕೃತಿ.

ಹಾಗಾದರೆ ಮಕ್ಕಳಿಗೆ ಕೊಡತಕ್ಕದ್ದು ಏನು? ಸಾಮಾಯಿಕದ ಒಂದು ಮುಹೂರ್ತ, ಎಂದರೆ 48 ನಿಮಿಷ, ಅವರಿಂದ ಆಗದ ಮಾತು. ಕಾಯೋತ್ಸರ್ಗದ ಅಳತೆಯನ್ನು ಗಮನಿಸಿದರೆ ದಾರಿ ಕಾಣುತ್ತದೆ. ಶಾಸ್ತ್ರಕಾರರು ಅದನ್ನು ಗಳಿಗೆಯಿಂದ ಅಳೆಯದೆ ಉಸಿರಿನಿಂದ ಅಳೆದರು. ಒಂಬತ್ತು ಬಾರಿ ಣಮೋಕಾರಕ್ಕೆ 27 ಉಚ್ಛ್ವಾಸಗಳು. ಮಂತ್ರವನ್ನು ನಂಬುವ ಮಗು ಅದನ್ನು ಮನಸ್ಸಿನಲ್ಲಿ ಹೇಳಿಕೊಳ್ಳಲಿ, ಬೇರೆ ದೇವರ ಹೆಸರು ಬಲ್ಲ ಮಗು ಅದನ್ನು ಹೇಳಿಕೊಳ್ಳಲಿ, ಯಾವುದೂ ಬೇಡವೆಂಬ ಮಗು ಉಸಿರನ್ನಷ್ಟೇ ಎಣಿಸಲಿ. ಮಕ್ಕಳ ಉಸಿರಾಟ ದೊಡ್ಡವರದಕ್ಕಿಂತ ಚುರುಕು; 27 ಉಸಿರಿಗೆ ನಾಡಗೀತೆಗೆ ಬೇಕಾಗುವಷ್ಟು ಹೊತ್ತೂ ಬೇಕಾಗದು. ಕಣ್ಣು ಮುಚ್ಚಲು ಹೆದರುವ ಮಕ್ಕಳಿರುತ್ತಾರೆ. ಅವರು ನೆಲ ನೋಡುತ್ತ ನಿಲ್ಲಬಹುದು. ಉಪಾಧ್ಯಾಯರೂ ಜೊತೆಯಲ್ಲಿ ಎಣಿಸಬೇಕು, ಬೆತ್ತ ಹಿಡಿದು ಸಾಲುಗಳ ನಡುವೆ ಓಡಾಡಬಾರದು.

ಉಸಿರು ನಿಂತ ನೀರಿನಂತಾದ ಮೇಲೆ ಒಂದು ಪ್ರಶ್ನೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೇಳುವ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳೆಂಬ ನಾಲ್ಕು ಭಾವನೆಗಳು ಮಕ್ಕಳ ಮಾತಿಗೆ ಸುಲಭವಾಗಿ ಇಳಿಯುತ್ತವೆ. ನಿನ್ನೆ ಯಾರೊಡನೆ ಟೂ ಬಿಟ್ಟೆ? ಯಾರಿಗೆ ಬಹುಮಾನ ಬಂದಾಗ ಹೊಟ್ಟೆಯುರಿಯಿತು? ಯಾರು ಅಳುತ್ತಿದ್ದುದನ್ನು ಕಂಡೂ ಕಾಣದಂತೆ ಹೋದೆ? ನಿನ್ನನ್ನು ಬೈದವನನ್ನು ಬೈಯದೆ ಇರಲು ಆಯಿತೆ? ದಿನಕ್ಕೆ ಒಂದು ಸಾಕು, ನಾಲ್ಕೂ ಬೇಡ. ಸಮಾಜ ಕಲ್ಯಾಣ ಇಲಾಖೆಯ ವಸತಿಶಾಲೆಗಳ ಬಾಗಿಲ ಮೇಲಿನ ಬರಹದ ಬಗ್ಗೆ 2024ರ ಫೆಬ್ರುವರಿಯಲ್ಲಿ ವಿವಾದವೆದ್ದಿತ್ತು. ಕೈಮುಗಿದು ಒಳಬರುವುದು ಸರಿಯೋ, ಧೈರ್ಯವಾಗಿ ಪ್ರಶ್ನಿಸುವುದು ಸರಿಯೋ ಎಂದು ವಿಧಾನಸಭೆಯವರೆಗೂ ಮಾತಾಯಿತು. ಪ್ರತಿಕ್ರಮಣವನ್ನು ಬಲ್ಲ ಸಮಾಜಕ್ಕೆ ಈ ಎರಡೂ ಬೇರೆಬೇರೆಯೆಂದು ತೋರಬೇಕಾಗಿರಲಿಲ್ಲ. ಕೈಮುಗಿದು ನಿಂತವನು ಕೇಳಿಕೊಳ್ಳುವುದು ಪ್ರಶ್ನೆಯನ್ನೇ, ಅದೂ ತನ್ನನ್ನು.

ಆದರೆ ಉತ್ತರ ಮಗುವಿನದೇ ಆಗಿ ಉಳಿಯಬೇಕು. 'ತಪ್ಪು ಒಪ್ಪಿಕೊಳ್ಳುವ ಪುಸ್ತಕ' ಮಾಡಿಸಿ ವಾರಕ್ಕೊಮ್ಮೆ ತಿದ್ದುವುದು, ಎದ್ದು ನಿಂತು ಎಲ್ಲರೆದುರು ಹೇಳಿಸುವುದು ಹಿತವೆಂದು ತೋರಿದರೂ ಅಪಾಯಕರ. ಹತ್ತು ದೋಷಗಳ ಪಟ್ಟಿಯಲ್ಲಿಯೇ ಇದರ ಎಚ್ಚರಿಕೆಯಿದೆ. ಕರುಣೆ ಗಳಿಸಲೆಂದು ಹೇಳುವುದು, ಬೇರೆಯವರು ಕಂಡ ತಪ್ಪನ್ನು ಮಾತ್ರ ಹೇಳುವುದು, ದೊಡ್ಡದನ್ನು ಹೇಳಿ ಸಣ್ಣದನ್ನು ಮುಚ್ಚುವುದು, ಇವೆಲ್ಲವನ್ನೂ ಕೆಂಪು ಶಾಯಿಯ ಭಯ ಒಂದೇ ತಿಂಗಳಲ್ಲಿ ಕಲಿಸಿಬಿಡುತ್ತದೆ.

ಅಹಿಂಸೆಯ ಪಾಠವನ್ನು ಈ ಮೌನಕ್ಕೆ ಬೆರೆಸುವಾಗಂತೂ ಹತ್ತು ಸಲ ಯೋಚಿಸಬೇಕಾಗುತ್ತದೆ. ದೊಡ್ಡಬಳ್ಳಾಪುರ ಮಗ್ಗಗಳ ಊರು. ವಿದ್ಯುತ್ ಮಗ್ಗದ ಸದ್ದಿನಲ್ಲಿ ಹುಟ್ಟಿ, ಅದೇ ಸದ್ದಿನಲ್ಲಿ ಮನೆಪಾಠ ಓದಿ ಬರುವ ಮಗುವಿಗೆ ಶಾಲೆಯ ಎರಡು ನಿಮಿಷದ ನಿಶ್ಶಬ್ದವೇ ದಿನದಲ್ಲಿ ಸಿಗುವ ಒಂದೇ ನಿಶ್ಶಬ್ದವಿರಬಹುದು. ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯಿದೆ. ಸುತ್ತಣ ಹಳ್ಳಿಗಳಲ್ಲಿ ಹುಳು ಸಾಕುವ ಮನೆಗಳಿವೆ. ಒಂದು ರೇಷ್ಮೆ ಸೀರೆಗೆ ಸಾವಿರಾರು ಗೂಡುಗಳು ಬೇಕು, ಗೂಡಿನೊಳಗಿನ ಜೀವ ಬಿಸಿನೀರಿನಲ್ಲಿ ಬೇಯುತ್ತದೆ. ಈ ಸತ್ಯವನ್ನು ಬಚ್ಚಿಡಬೇಕಾಗಿಲ್ಲ. ಆದರೆ ಕಣ್ಣುಮುಚ್ಚಿ ಕುಳಿತ ನೇಕಾರರ ಮಗುವಿಗೆ ನಿನ್ನ ತಂದೆಯ ಅನ್ನವೇ ಪಾಪವೆಂದು ಸೂಚಿಸುವ ಅಧಿಕಾರ ಯಾವ ಟ್ರಸ್ಟಿಗೂ ಇಲ್ಲ. ಅದೇ ಸೀರೆಯನ್ನು ಚಿಕ್ಕಪೇಟೆಯಲ್ಲಿ ಮಾರಿದ ಲಾಭದಿಂದ ಪ್ರಾರ್ಥನಾ ಮಂದಿರ ಕಟ್ಟಿಸಿದವರಿಗಂತೂ ಮೊದಲೇ ಇಲ್ಲ. ಬಿಸಿಯೂಟದ ಸಾಲಿನಲ್ಲಿಯೂ ಇದೇ ವಿವೇಕ ಬೇಕು. ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮೊಟ್ಟೆ ಕೊಡುವುದನ್ನು 2024ರಲ್ಲಿ ವಾರಕ್ಕೆ ಆರು ದಿನಗಳಿಗೆ ವಿಸ್ತರಿಸಲಾಯಿತು. ಮೊಟ್ಟೆ ತಿನ್ನದ ಮಕ್ಕಳು ಬೇರೆ ತಿನಿಸಿಗಾಗಿ ಅದೇ ಸಾಲಿನಲ್ಲಿ ನಿಲ್ಲುತ್ತಾರೆ. ಮೊಟ್ಟೆಯ ಬಗ್ಗೆ ಸಮಾಜದ ನಿಲುವನ್ನು ಸರಕಾರಕ್ಕೆ ಮನವಿ ಬರೆದು ಹೇಳಬಹುದು. ತಟ್ಟೆ ಹಿಡಿದ ಮಗುವಿನ ಮುಖ ನೋಡಿ ಹೇಳಬಾರದು.

ನೆಲಮಂಗಲ ತಾಲ್ಲೂಕಿನ ಮಣ್ಣೆ ಒಂದು ಕಾಲಕ್ಕೆ ಮಾನ್ಯಪುರವಾಗಿತ್ತು, ಗಂಗ ಶ್ರೀಪುರುಷನ ರಾಜಧಾನಿ. ಅಲ್ಲಿ ದಂಡನಾಯಕ ಶ್ರೀವಿಜಯನು ಕಟ್ಟಿಸಿದ ಜಿನಾಲಯವನ್ನು 797ರ ತಾಮ್ರಶಾಸನ ಹೇಳುತ್ತದೆ. ಐದು ವರ್ಷಗಳ ಬಳಿಕ ರಾಷ್ಟ್ರಕೂಟರ ಕಾಲದ ದತ್ತಿಯೂ ಅದಕ್ಕೆ ಸಂದಿತು. ಇಂದು ಆ ಊರಿನಲ್ಲಿ ಹಳೆಯ ಗುಡಿಗಳ ಅವಶೇಷಗಳು ಉಳಿದಿವೆ. ವರ್ಷಕ್ಕೊಮ್ಮೆ ಮಕ್ಕಳನ್ನು ಬಸ್ಸಿನಲ್ಲಿ ಶ್ರವಣಬೆಳಗೊಳಕ್ಕೆ ಕರೆದೊಯ್ಯುವ ಶಾಲೆಗಳು ಇಲ್ಲಿಗೂ ಬರಬಹುದು. ಮೈಕು ಬೇಡ, ಸ್ವಾಗತಭಾಷಣ ಬೇಡ. ಇತಿಹಾಸದ ಉಪಾಧ್ಯಾಯರು ಶಾಸನದ ವಿಷಯವನ್ನು ಹತ್ತು ಮಾತಿನಲ್ಲಿ ಹೇಳಿ, ಆಮೇಲೆ ಎಲ್ಲರೂ ಕಲ್ಲುಗಳ ನಡುವೆ ತಮಗೆ ಬೇಕಾದಲ್ಲಿ 27 ಉಸಿರಿನಷ್ಟು ಹೊತ್ತು ಕುಳಿತು, ಬುತ್ತಿ ಬಿಚ್ಚಬಹುದು.