ವಚನಗಾಯನದ ಎರಡು ಮಾರ್ಗಗಳು

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಸಹೃದಯರಲ್ಲಿ ವಚನಗಾಯನದ ಮಾತು ಬಂದಾಗ, ಮಲ್ಲಿಕಾರ್ಜುನ ಮನಸೂರರು ಮೇಲೋ, ಬಸವರಾಜ ರಾಜಗುರುಗಳು ಮೇಲೋ ಎಂಬ ಚರ್ಚೆಯು ಹುಟ್ಟುವುದುಂಟು. ಧಾರವಾಡದಲ್ಲಿ ನೆಲೆಸಿದ್ದ ಈ ಈರ್ವರಲ್ಲಿ ರಾಜಗುರುಗಳು 1991ರಲ್ಲಿಯೂ ಮನಸೂರರು 1992ರಲ್ಲಿಯೂ ಗತಿಸಿದರು; ಧ್ವನಿಮುದ್ರಿಕೆಗಳೇ ಈಗ ಸಾಕ್ಷಿ.

ವಚನಕ್ಕೆ ಛಂದಸ್ಸಿನ ಕಟ್ಟಿಲ್ಲ. ಆದಕಾರಣ ಎಲ್ಲಿ ನಿಲ್ಲಬೇಕು, ಯಾವ ಪದವನ್ನು ಎತ್ತಬೇಕು ಎಂಬುದನ್ನು ಗಾಯಕನೇ ನಿರ್ಣಯಿಸತಕ್ಕದ್ದು. ಅವನ ವಿವೇಕಕ್ಕೆ ಅದೇ ಒರೆಗಲ್ಲು. ಅಕ್ಕಮಹಾದೇವಿಯ ಕನಸಿನ ವಚನವು ಅಕ್ಕನೊಬ್ಬಳಿಗೆ ಹೇಳಿದ ಮಾತು. ಮನಸೂರರು ಆ ಸಂಬೋಧನೆಯ ಆಪ್ತತೆಯನ್ನು ಬಿಡದೆ, ಕೇಳುವವರನ್ನೇ ಆಕೆಯ ಸ್ಥಾನದಲ್ಲಿ ಕುಳ್ಳಿರಿಸುವರು. ಬಸವಣ್ಣನವರ ನಾಮಾಮೃತದ ವಚನದಲ್ಲಿ ‘ತುಂಬಿ’ಯು ಮೊದಲು ಕ್ರಿಯಾಪದ, ಕಡೆಗೆ ಚರಣಕಮಲದ ಭ್ರಮರ. ರಾಜಗುರುಗಳ ಕಂಠಮಾಧುರ್ಯದಲ್ಲಿ ಆ ಶ್ಲೇಷೆಯು ರಸವಾಗುವುದು. ಆದರೆ ಇಂಪಿಗೆ ಮರುಳಾದ ಕಿವಿಯು ಶ್ಲೇಷೆಯನ್ನೇ ಮರೆಯುವ ಭಯವೂ ಅಲ್ಲುಂಟು.

ಆದುದರಿಂದ ಎಳೆಯರಿಗೆ ಮೊದಲು ಕೇಳಿಸತಕ್ಕದ್ದು ಮನಸೂರರ ಮುದ್ರಿಕೆ. ಮಾತಿನ ಬೆಲೆಯನ್ನರಿತ ಬಳಿಕ ರಾಜಗುರುಗಳ ಮಾಧುರ್ಯವು ಇಮ್ಮಡಿಯಾಗುವುದು.