ಮಾತ್ರೆ ಮಾತೆಯಾದ ಬಗೆ: ಗಣಕದ ಕನ್ನಡದ ಬಗ್ಗೆ ಒಂದು ವಿಮರ್ಶೆ

ನಾವು ವಾಸಿಸುವ ಊರಿನ ಹೆಸರನ್ನು ಒಮ್ಮೆ ಕನ್ನಡದಲ್ಲಿ ಬರೆದು ನೋಡಿ: ಕ್ರೈಸ್ಟ್‌ಚರ್ಚ್. ಕೈಯಲ್ಲಿ ಬರೆದರೆ ಕ್ರೈ, ಸ್ಟ್, ಚ, ರ್ಚ್ ಎಂದು ನಾಲ್ಕೇ ಅಕ್ಷರ. ಇಂಗ್ಲಿಷಿನಲ್ಲಿ ಹನ್ನೆರಡು. ಲಾಭ ನಮ್ಮದೇ ಎಂದು ಬೀಗುವಷ್ಟರಲ್ಲಿ ಗಣಕಯಂತ್ರ ಬೇರೊಂದು ಲೆಕ್ಕ ಒಪ್ಪಿಸುತ್ತದೆ. ಅದರ ಪ್ರಕಾರ ಈ ಹೆಸರಿಗೆ 14 ಸಂಕೇತಗಳು ಬೇಕು. ಅವುಗಳಲ್ಲಿ ಒಂಬತ್ತನೆಯದು ಕಣ್ಣಿಗೇ ಕಾಣುವುದಿಲ್ಲ, ಅದರ ಅಗಲ ಸೊನ್ನೆ! ‘ಸ್ಟ್’ ಆದ ಮೇಲೆ ಬರುವ ‘ಚ’ ಒತ್ತಾಗಿ ಕೆಳಗೆ ಜಾರದಂತೆ ತಡೆದು ನಿಲ್ಲಿಸುವುದಷ್ಟೇ ಅದರ ಕೆಲಸ. ಅದನ್ನು ಬಿಟ್ಟರೆ ಸಕಾರದ ಕಾಲಡಿಯಲ್ಲಿ ಟ ಒತ್ತು, ಅದರ ಮಗ್ಗುಲಲ್ಲಿ ಚ ಒತ್ತು ಸೇರಿ, ಊರಿನ ಹೆಸರು ಬಿಡಿಸಲಾಗದ ಗಂಟಾಗುತ್ತದೆ.

ಅಕ್ಷರಕ್ಕೆ ಅಗಲ ಎಷ್ಟು ಎಂಬ ಪ್ರಶ್ನೆಯನ್ನು ಗಣಕದವರು ಮೊದಲು ಗಂಭೀರವಾಗಿ ಎದುರಿಸಿದ್ದು ಪೂರ್ವ ಏಷ್ಯಾದಲ್ಲಿ. ನಮ್ಮೂರಿಗೆ 1973ರಿಂದ ಸೋದರಿ ನಗರವಾಗಿರುವ ಕುರಾಶಿಕಿ ಇರುವ ಜಪಾನನ್ನೇ ತೆಗೆದುಕೊಳ್ಳೋಣ. ಅಲ್ಲಿ ಅಚ್ಚಿನ ಮೊಳೆಯ ಕಾಲದಿಂದಲೂ ಪ್ರತಿ ಅಕ್ಷರಕ್ಕೂ ಒಂದು ಚೌಕ. ಮಕ್ಕಳು ಬರೆಯುವ ಹಾಳೆಯೂ ಚೌಕಮಣೆಯಂತೆ ಗೆರೆ ಹಾಕಿದ್ದು. ಗಣಕದ ಪರದೆ ಮಾತ್ರ ಇಂಗ್ಲಿಷಿಗಾಗಿ ಕೊಯ್ದ ಸಪೂರ ಮನೆಗಳದ್ದು. 1969ರ ಮಾನಕದಲ್ಲಿ ಜಪಾನೀಯರು ತಮ್ಮ ಕಟಕಾನ ಅಕ್ಷರಗಳನ್ನು ಆ ಸಪೂರ ಮನೆಗೆ ಇಳಿಸಿದರು. ಅದಕ್ಕೆ ‘ಅರ್ಧ ಅಗಲ’ ಎಂಬ ಹೆಸರು ಬಂತು. 1978ರಲ್ಲಿ ಚೀನೀ ಮೂಲದ ಸಾವಿರಾರು ಅಕ್ಷರಗಳು ಸೇರಿದಾಗ ಒಂದೊಂದಕ್ಕೆ ಎರಡೆರಡು ಮನೆ ಕೊಟ್ಟರು, ಅದು ‘ಪೂರ್ಣ ಅಗಲ’. ಅವರಲ್ಲಿ ‘ಕ’ಗೆ ಎರಡು ಪುಟ್ಟ ಗೀಟು ಹಾಕಿದರೆ ‘ಗ’ ಆಗುತ್ತದೆ. ಅರ್ಧ ಅಗಲದ ಬರಹದಲ್ಲಿ ಆ ಗೀಟಿಗೂ ಪ್ರತ್ಯೇಕ ಮನೆ! ಒಂದು ಅಕ್ಷರ ಎರಡು ಬಾಗಿಲಲ್ಲಿ ನಿಂತಂತೆ. ಅಂದವೇನೂ ಇರಲಿಲ್ಲ. ಆದರೂ ಒಂದು ಇಲ್ಲವೇ ಎರಡು ಎಂದು ಲೆಕ್ಕವಾದರೂ ಚುಕ್ತಾ ಆಯಿತು.

ಕನ್ನಡಕ್ಕೆ ಅಂಥ ಚುಕ್ತಾ ಲೆಕ್ಕವಿಲ್ಲ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ನಮಗೆ 128 ಸ್ಥಾನಗಳ ಒಂದು ಕೇರಿ ಸಿಕ್ಕಿತು, ಅದು ದೊಡ್ಡ ಉಪಕಾರ. ಆದರೆ ಅದೇ ಯೂನಿಕೋಡಿನ ಅಗಲದ ಪಟ್ಟಿಯನ್ನು ತೆರೆದರೆ, ಪೂರ್ವ ಏಷ್ಯಾದ ಅಕ್ಷರಗಳಿಗೆ ಅರ್ಧ, ಪೂರ್ಣ ಎಂಬ ವಿಂಗಡಣೆಯಿದೆ, ಕನ್ನಡದ ಮುಂದೆ ‘ತಟಸ್ಥ’ ಎಂದು ಬರೆದಿದೆ. ಅರ್ಥಾತ್, ಈ ರೋಗಿ ನಮ್ಮ ವಾರ್ಡಿನವನಲ್ಲ. ಎಲ್ಲ ಅಕ್ಷರಕ್ಕೂ ಒಂದೇ ಅಗಲ ಕೊಡುವ ತಂತ್ರಾಂಶಗಳು ಇದನ್ನು ‘ಒಂದು ಮನೆ ಸಾಕು’ ಎಂದು ಓದಿಕೊಂಡವು. ‘ಣ’ವನ್ನೂ ‘ರ’ವನ್ನೂ ಒಂದೇ ಅಗಲದ ಮಂಚದಲ್ಲಿ ಮಲಗಿಸಿದರೆ ಒಬ್ಬರ ಕಾಲು ಹೊರಗೆ, ಇನ್ನೊಬ್ಬರಿಗೆ ಉರುಳಾಡುವಷ್ಟು ಜಾಗ. ಗುಡಿಸು ತಲೆಯ ಮೇಲೆ ಕೂರುವುದರಿಂದ ‘ಕಿ’ ಹೇಗೋ ಹಿಡಿಸೀತು. ಕೊಂಬು ಪಕ್ಕಕ್ಕೆ ಚಾಚುವ ‘ಕು’ ಹಿಡಿಸದು.

ನಮ್ಮ ಮುಖ್ಯ ಆಕ್ಷೇಪ ಮಾತ್ರ ಅಗಲದ ಬಗ್ಗೆ ಅಲ್ಲ. ಜಪಾನಿನ ಅಕ್ಷರ ತನ್ನ ಚೌಕದೊಳಗೇ ಮುಗಿಯುತ್ತದೆ. ಕನ್ನಡದ ಅಕ್ಷರ ಕೆಳಗಿಳಿಯುತ್ತದೆ. ಅಗಲ ಅಳೆಯುವ ಭರದಲ್ಲಿ ನಮ್ಮ ಅಕ್ಷರದ ಆಳವನ್ನು ಅಳೆಯಲು ಎಲ್ಲರೂ ಮರೆತರು. ಹಿಂದಿನವರು ಮರೆತಿರಲಿಲ್ಲ. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. ಕೈಬರಹವೇ ಕಲ್ಲಿನಿಂದ ಕಾಗದಕ್ಕೆ ಇಳಿಯುತ್ತಿದ್ದುದರಿಂದ ಒತ್ತು ತನಗೆ ಬೇಕಾದಷ್ಟು ಕೆಳಗೆ ಹೋಗಬಹುದಿತ್ತು. ಮುಂದೆ ಸೀಸದ ಮೊಳೆ ಬಂದಾಗ ಮೊಳೆ ಜೋಡಿಸುವವರು ನೂರಾರು ಖಾನೆಗಳ ನಡುವೆ ಕೈಯಾಡಿಸುತ್ತಾ ಒತ್ತಿಗೆ ಸಾಲಿನಡಿ ಜಾಗ ಬಿಡುತ್ತಿದ್ದರು. 1894ರ ಕಿಟ್ಟೆಲ್ ನಿಘಂಟನ್ನು ನೋಡಿದವರಿಗೆ ಅದು ಎಂಥ ಶ್ರಮವೆಂದು ತಿಳಿದಿದೆ.

ಇದು ಬರಿಯ ಅಂದಚೆಂದದ ಮಾತೆನ್ನುವವರಿಗೆ ಒಂದು ಪ್ರಸಂಗ ಹೇಳುತ್ತೇವೆ. ಕೆಲ ವರ್ಷಗಳ ಹಿಂದೆ, ಮಗನ ಮನೆಗೆಂದು ಊರಿನಿಂದ ಬಂದಿದ್ದ ಹಿರಿಯರೊಬ್ಬರ ಕೈಗೆ, ಕನ್ನಡಕ್ಕೆ ತರ್ಜುಮೆಯಾದ ಔಷಧಸೂಚನೆಯ ಹಾಳೆಯೊಂದು ಸಿಕ್ಕಿತು. ಕೊಟ್ಟವರು ಯಾರೆಂಬುದು ಇಲ್ಲಿ ಬೇಡ. ತರ್ಜುಮೆ ಚೆನ್ನಾಗಿಯೇ ಇತ್ತು. ಆದರೆ ಸಾಲುಗಳ ಎತ್ತರವನ್ನು ಇಂಗ್ಲಿಷಿನ ಹಾಳೆಯದನ್ನೇ ಉಳಿಸಿಕೊಂಡಿದ್ದರಿಂದ ಪ್ರತಿ ಸಾಲಿನ ಒತ್ತುಗಳೂ ಬುಡದಲ್ಲಿ ಕತ್ತರಿಸಿ ಹೋಗಿದ್ದವು. ‘ಊಟವಾದ ಮೇಲೆ ಎರಡು ಮಾತ್ರೆ’ ಎಂಬುದು ‘ಎರಡು ಮಾತೆ’ ಆಗಿತ್ತು. ಪಿತ್ತವಿದ್ದ ಕಡೆ ಪಿತ. “ಏನ್ ಡಾಕ್ಟ್ರೇ, ಈ ದೇಶದಲ್ಲಿ ತಾಯಿ-ತಂದೇನ ಊಟ ಆದ್ಮೇಲೆ ನುಂಗ್ಬೇಕಾ?” ಎಂದು ಅವರು ಕೇಳಿದಾಗ ಎಲ್ಲರೂ ನಕ್ಕೆವು. ಆದರೆ ನಗೆ ಮುಗಿದ ಮೇಲೆ ಯೋಚಿಸಬೇಕಾದ ಸಂಗತಿ ಉಳಿಯಿತು. ಇಂಗ್ಲಿಷ್ ಬಲ್ಲ ಮಗ ಸೊಸೆ ಆ ಹಾಳೆಯನ್ನು ಓದುವವರಲ್ಲ. ಕನ್ನಡ ಬಿಟ್ಟು ಬೇರೆ ಬಾರದವರೇ ಅದನ್ನು ನಂಬಬೇಕಾದವರು, ಹಾಳಾದ ಕನ್ನಡ ಅವರ ಪಾಲಿಗೇ ಬಂತು. ಮೇಲಾಗಿ ಚಾಳೀಸಿನ ಕಣ್ಣು. ಒತ್ತು ಹೇಗೂ ಮೂಲ ಅಕ್ಷರಕ್ಕಿಂತ ಚಿಕ್ಕದು. ದೊಡ್ಡಕ್ಷರ ಕಂಡರೂ ಅದರ ಕಾಲಡಿಯ ಮರಿ ಕಾಣದ ವಯಸ್ಸು ಅದು.

ಇನ್ನು ಗಣಕದಲ್ಲಿ ಕನ್ನಡಕ್ಕಾಗಿ ದುಡಿದವರ ವಿಚಾರ. ಕಿನ್ನಿಕಂಬಳ ಪದ್ಮನಾಭ ರಾಯರ ಕೀಲಿಮಣೆಯನ್ನು ನಾವು ಮೊದಲ ಸಾಲಿನಲ್ಲಿಡುತ್ತೇವೆ. ಉಚ್ಚಾರದ ಕ್ರಮದಲ್ಲಿ ಒತ್ತುತ್ತಾ ಹೋದರೆ ಒತ್ತಕ್ಷರವನ್ನು ಕಟ್ಟುವ ಹೊಣೆ ಯಂತ್ರದ್ದು ಎಂಬ ಅದರ ತತ್ತ್ವ ಕಾಗುಣಿತ ಬಲ್ಲವರದು. ಕರ್ನಾಟಕ ಸರ್ಕಾರವೂ ಅದನ್ನೇ ಮಾನ್ಯ ಮಾಡಿತು. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ ನಮ್ಮಂಥ ಹೊರನಾಡಿನವರ ಕೈಗೆ ಕನ್ನಡ ಕೊಟ್ಟಿತು. ಆ ಕಾಲದ ‘ಬರಹ’, ‘ನುಡಿ’ಗಳು ನಮ್ಮ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಕೂರಿಸಿದ್ದವು. ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆದರೂ ಅಚ್ಚಾದ ಪುಟದಲ್ಲಿ ಅವು ಕನ್ನಡದಂತೆಯೇ ಕಾಣುತ್ತಿದ್ದವು ಎಂಬುದನ್ನು ಮರೆಯಬಾರದು.

2001ರ ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ‘ತುಂಗಾ’ದ ಬಗ್ಗೆ ನಮಗೆ ಅಷ್ಟು ಒಳ್ಳೆಯ ಅಭಿಪ್ರಾಯವಿಲ್ಲ. ಯೂನಿಕೋಡ್ ಕನ್ನಡವನ್ನು ಮನೆಮನೆಗೆ ತಂದ ಪುಣ್ಯ ಅದಕ್ಕಿದೆ. ಆದರೆ ಇಂಗ್ಲಿಷಿನ ಪಕ್ಕದಲ್ಲಿ ಒಂದೇ ಅಳತೆಗಿಟ್ಟರೂ ಅಕ್ಷರಗಳು ಸೊರಗಿದ ಮಗುವಿನಂತೆ ಕಾಣುತ್ತವೆ, ಒತ್ತುಗಳಂತೂ ಜೆರಾಕ್ಸಿಗೆ ಹೋಗಿ ಬರುವಷ್ಟರಲ್ಲಿ ಮಸಿಯ ಚುಕ್ಕೆ. ‘ನೋಟೋ’ ವಾಸಿ. ಗೆರೆ ದಪ್ಪ, ಕೆಳಗೆ ಜಾಗ ಧಾರಾಳ. ಅದರ ಉದಾರತೆಯನ್ನು ಕಂಡು ಕಾಗದ ಉಳಿಸಲೆಂದು ಸಾಲಿನ ಅಂತರವನ್ನು ಒತ್ತಿ ಕುಗ್ಗಿಸುವವರೇ ಅದರ ಶತ್ರುಗಳು.

ಮೊಬೈಲಿನಲ್ಲೂ ಇದೇ ಕಥೆ. ಒಂದು ಎಸ್ಸೆಮ್ಮೆಸ್ಸಿಗೆ ಇಂಗ್ಲಿಷಿನಲ್ಲಿ 160 ಅಕ್ಷರ, ಕನ್ನಡದಲ್ಲಿ 70 ಸಂಕೇತ. ನಮ್ಮೂರಿನ ಹೆಸರೊಂದೇ ಅದರ ಐದನೇ ಒಂದು ಪಾಲನ್ನು ತಿಂದುಹಾಕುತ್ತದೆ. ಅರ್ಜಿಯಲ್ಲಿ ಹೆಸರಿಗೆ ಇಪ್ಪತ್ತು ಮನೆ ಕೊಡುವವರು ಯಾವ ಲೆಕ್ಕ ಹಿಡಿದಿದ್ದಾರೆಂದು ಕೇಳಿ ನೋಡಿ. ಬರೆಯುವ ಅಕ್ಷರದ ಲೆಕ್ಕ ಯಾರಿಗೂ ಗೊತ್ತಿಲ್ಲ. ಹೆಸರನ್ನು ಕೊನೆಯಲ್ಲಿ ಕತ್ತರಿಸುವಾಗ ಒತ್ತನ್ನು ಒಂದು ಕಡೆ, ಅಕ್ಷರವನ್ನು ಇನ್ನೊಂದು ಕಡೆ ಎಸೆಯುತ್ತಾರೆ.

ಈ ದೇಶದವರಿಗೆ ಇದನ್ನು ವಿವರಿಸುವುದು ಕಷ್ಟವೇನಲ್ಲ. ನಮ್ಮೂರಿನ ಮಾವೊರಿ ಹೆಸರು ಓಟೌಟಹಿಯ ಮೊದಲ ಸ್ವರ ದೀರ್ಘ, ಅದರ ತಲೆಯ ಮೇಲೊಂದು ಗೆರೆ ಬೇಕು. ಹಳೆಯ ಯಂತ್ರಗಳಲ್ಲಿ ಆ ಗೆರೆಗೆ ಜಾಗವಿಲ್ಲದೆ ಎರಡು ಚುಕ್ಕೆ ಹಾಕಿಯೋ ಸ್ವರವನ್ನು ಎರಡು ಸಲ ಬರೆದೋ ಸಾಗಿಸುತ್ತಿದ್ದರು, ಹಲವರು ಬಿಟ್ಟೇಬಿಡುತ್ತಿದ್ದರು. 2017ರಲ್ಲಿ ‘ಸ್ಟಫ್’ ಸುದ್ದಿಸಂಸ್ಥೆ ಅದನ್ನು ತಪ್ಪದೆ ಹಾಕಲು ಶುರುಮಾಡಿತು. ಅವರು ತಲೆಯ ಮೇಲಿನ ಗೆರೆಗಾಗಿ ಕೇಳಿದ್ದನ್ನೇ ನಾವು ಕಾಲಡಿಯ ಒತ್ತಿಗಾಗಿ ಕೇಳುತ್ತಿದ್ದೇವೆ.

ಈ ಪತ್ರಿಕೆಯ ಪುಟ ಕಟ್ಟುವ ಸ್ವಯಂಸೇವಕರಲ್ಲಿ ನಮ್ಮ ಕೋರಿಕೆ ಇಷ್ಟು: ಅಕ್ಷರ 13 ಪಾಯಿಂಟಿಗೆ ಕಡಿಮೆ ಬೇಡ, ಸಾಲಿನ ಎತ್ತರ ಅದರ ಒಂದೂವರೆ ಪಟ್ಟು ಇರಲಿ. ಮಕ್ಕಳ ಕನ್ನಡ ತರಗತಿಯ ಹಾಳೆಗಳಿಗೆ ಇನ್ನೂ ಹೆಚ್ಚು. ಪುಟ ಎರಡು ಹೆಚ್ಚಾದರೆ ಜೆರಾಕ್ಸಿನ ಖರ್ಚಿಗೆ ನಾವೂ ಕೈ ಸೇರಿಸುತ್ತೇವೆ.