ಪಕ್ಷ ಮತ್ತು ಪಕ್ಷಪಾತ: ಅಮೆರಿಕದ ಪ್ರಾಥಮಿಕ ಚುನಾವಣೆಯ ಒಂದು ವಿವಾದದ ವಿಮರ್ಶೆ

‘ಪಕ್ಷ’ವೆಂಬ ಶಬ್ದಕ್ಕೆ ರೆಕ್ಕೆಯೆಂದೂ ಪಾರ್ಶ್ವವೆಂದೂ ಅರ್ಥವುಂಟು. ಒಂದು ಪಾರ್ಶ್ವಕ್ಕೆ ವಾಲಿ ಬೀಳುವುದೇ ಪಕ್ಷಪಾತ. ಹೀಗಿರುವಲ್ಲಿ ರಾಜಕೀಯ ಪಕ್ಷವೊಂದರಿಂದ ನಿಷ್ಪಕ್ಷಪಾತವನ್ನು ನಿರೀಕ್ಷಿಸುವುದು ಮೇಲ್ನೋಟಕ್ಕೆ ಶಬ್ದವಿರೋಧವೆಂದೇ ತೋರಬಹುದು. ಎದುರು ಪಕ್ಷದೊಡನೆ ಹೋರುವಾಗ ಈ ಗುಣವನ್ನು ಅದರಿಂದ ಯಾರೂ ಬಯಸುವುದೂ ಇಲ್ಲ. ಆದರೆ ತನ್ನವರೇ ಆದ ಇಬ್ಬರು ಮೂವರು ಒಂದೇ ಸ್ಥಾನಕ್ಕಾಗಿ ಸ್ಪರ್ಧಿಸಿದಾಗ ಅವರ ನಡುವೆ ತೀರ್ಪುಗಾರನ ಪೀಠದಲ್ಲಿ ಕುಳಿತುಕೊಳ್ಳಬೇಕಾದುದೂ ಆ ಪಕ್ಷವೇ. ಆಗ ಅದು ಯಾವ ಮಟ್ಟಿಗೆ ನಿಷ್ಪಕ್ಷಪಾತವಾಗಿರಬಲ್ಲುದು? ಇರಲಿಲ್ಲವೆಂಬ ದೂರು ಬಂದರೆ ಅದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು?

ಈ ಪ್ರಶ್ನೆ ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ೨೦೧೬ರ ಅಧ್ಯಕ್ಷಸ್ಥಾನದ ಪ್ರಾಥಮಿಕ ಚುನಾವಣೆಯ ಕಾಲದಲ್ಲಿ ತೀವ್ರವಾಗಿ ಎದ್ದಿತು. ಡೆಮಾಕ್ರಟಿಕ್ ಪಕ್ಷದ ಸನ್ನದಿನ ಐದನೆಯ ಪ್ರಕರಣದ ನಾಲ್ಕನೆಯ ವಿಧಿಯು, ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷರು ಉಮೇದುವಾರರ ನಡುವೆ ನಿಷ್ಪಕ್ಷಪಾತದಿಂದಲೂ ಸಮದೃಷ್ಟಿಯಿಂದಲೂ ನಡೆದುಕೊಳ್ಳತಕ್ಕದ್ದೆಂದೂ, ಸಮಿತಿಯ ಅಧಿಕಾರಿಗಳೂ ನೌಕರರೂ ಹಾಗೆಯೇ ನಡೆಯುವಂತೆ ನೋಡಿಕೊಳ್ಳತಕ್ಕದ್ದೆಂದೂ ವಿಧಿಸುತ್ತದೆ. ಹಿಲರಿ ಕ್ಲಿಂಟನ್ ಮತ್ತು ಬರ್ನಿ ಸ್ಯಾಂಡರ್ಸರ ಸ್ಪರ್ಧೆಯಲ್ಲಿ ಈ ವಿಧಿಗೆ ಭಂಗ ಬಂದಿತೆಂಬುದೇ ವಿವಾದದ ತಿರುಳು. ಇವರಲ್ಲಿ ಯಾರು ಗೆಲ್ಲಬೇಕಾಗಿತ್ತೆಂದು ನಿರ್ಣಯಿಸುವುದು ಪ್ರಕೃತ ಲೇಖನದ ಉದ್ದೇಶವಲ್ಲ; ವಿವಾದದಲ್ಲಿ ಉಭಯರೂ ಬಳಸಿದ ತರ್ಕವನ್ನು ಪರೀಕ್ಷಿಸುವುದಷ್ಟೇ ಇಲ್ಲಿಯ ಪ್ರಯತ್ನ.

೧

ಪ್ರಾಥಮಿಕ ಚುನಾವಣೆಯೆಂದರೆ ಪಕ್ಷದ ಅಭ್ಯರ್ಥಿಯನ್ನು ಹೆಸರಿಸುವ ರಾಷ್ಟ್ರೀಯ ಸಮ್ಮೇಳನಕ್ಕೆ ಪ್ರತಿನಿಧಿಗಳನ್ನು ಆರಿಸುವುದಕ್ಕಾಗಿ ಆಯಾ ರಾಜ್ಯದ ಮತದಾರರು ಮಾಡುವ ಮತದಾನ. ಮುಖಂಡರು ಮುಚ್ಚಿದ ಬಾಗಿಲ ಹಿಂದೆ ಮಾಡುತ್ತಿದ್ದ ಆಯ್ಕೆಯನ್ನು ಜನರ ಕೈಗೆ ಕೊಡಬೇಕೆಂಬ ಸುಧಾರಣೆಯ ಹಂಬಲದಿಂದ ಇದು ಹುಟ್ಟಿತು. ಹುಟ್ಟಿದ ಕೆಲವೇ ವರ್ಷಗಳಲ್ಲಿ ಪಕ್ಷಪಾತದ ದೂರೂ ಅದರ ಬೆನ್ನು ಹತ್ತಿತು. ೧೯೧೨ರಲ್ಲಿ ರಿಪಬ್ಲಿಕನ್ ಪಕ್ಷದೊಳಗೆ ಅಧಿಕಾರದಲ್ಲಿದ್ದ ಅಧ್ಯಕ್ಷ ಟ್ಯಾಫ್ಟರಿಗೂ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟರಿಗೂ ಸ್ಪರ್ಧೆ ನಡೆಯಿತು. ಪ್ರಾಥಮಿಕ ಚುನಾವಣೆ ನಡೆದ ರಾಜ್ಯಗಳಲ್ಲಿ ಹೆಚ್ಚಿನವನ್ನು, ಟ್ಯಾಫ್ಟರ ಸ್ವಂತ ರಾಜ್ಯವಾದ ಒಹಾಯೋವನ್ನು ಸಹ, ರೂಸ್ವೆಲ್ಟರು ಗೆದ್ದರು. ಆದರೆ ಷಿಕಾಗೋ ಸಮ್ಮೇಳನಕ್ಕೆ ಬಂದ ೨೫೪ ಪ್ರತಿನಿಧಿಸ್ಥಾನಗಳ ಬಗ್ಗೆ ತಕರಾರು ಎದ್ದಾಗ, ಟ್ಯಾಫ್ಟರ ಬೆಂಬಲಿಗರ ಹಿಡಿತದಲ್ಲಿದ್ದ ರಾಷ್ಟ್ರೀಯ ಸಮಿತಿಯು ಅವುಗಳಲ್ಲಿ ೨೩೫ನ್ನು ಟ್ಯಾಫ್ಟರಿಗೆ ಕೊಟ್ಟಿತು. ರೂಸ್ವೆಲ್ಟರ ಕಡೆಯವರು ಹೊರನಡೆದು ಬೇರೆ ಪಕ್ಷವನ್ನೇ ಕಟ್ಟಿದರು. ನವೆಂಬರಿನಲ್ಲಿ ಗೆದ್ದವರು ಡೆಮಾಕ್ರಟಿಕ್ ಪಕ್ಷದ ವುಡ್ರೊ ವಿಲ್ಸನ್. ಸಮ್ಮೇಳನವನ್ನು ಗೆದ್ದ ಟ್ಯಾಫ್ಟರಿಗೆ ದೊರೆತದ್ದು ಎಂಟೇ ಎಂಟು ಎಲೆಕ್ಟೊರಲ್ ಮತ.

ಡೆಮಾಕ್ರಟಿಕ್ ಪಕ್ಷಕ್ಕೆ ಇದೇ ಪಾಠ ದೊರೆತದ್ದು ೧೯೬೮ರಲ್ಲಿ. ಒಂದು ಪ್ರಾಥಮಿಕ ಚುನಾವಣೆಯಲ್ಲಿಯೂ ಸ್ಪರ್ಧಿಸದ ಹ್ಯೂಬರ್ಟ್ ಹಂಫ್ರಿಯವರು ಆ ವರ್ಷ ಷಿಕಾಗೋವಿನಲ್ಲಿ ಪಕ್ಷದ ಅಭ್ಯರ್ಥಿಯಾದರು. ಬೀದಿಯಲ್ಲಿ ಪ್ರತಿಭಟನೆ ರಕ್ತಮಯವಾಯಿತು. ತರುವಾಯ ಮ್ಯಾಕ್‌ಗವರ್ನ್–ಫ್ರೇಸರ್ ಆಯೋಗವು ರಚಿಸಿದ ನಿಯಮಗಳಿಂದ ಪ್ರತಿನಿಧಿಗಳ ಆಯ್ಕೆ ಬಹುಮಟ್ಟಿಗೆ ಮತದಾರರ ಕೈಗೆ ಬಂದಿತು. ಆದರೆ ೧೯೭೨ ಮತ್ತು ೧೯೮೦ರ ಸೋಲುಗಳನ್ನು ಕಂಡ ಮುಖಂಡರಿಗೆ ತಮ್ಮ ಕೈ ತೀರ ಬರಿದಾಯಿತೆಂಬ ಕಳವಳವುಂಟಾಯಿತು. ೧೯೮೨ರ ಹಂಟ್ ಆಯೋಗದ ಶಿಫಾರಸಿನಂತೆ, ಯಾವ ಮತದಾನಕ್ಕೂ ಬದ್ಧರಲ್ಲದ ಪದನಿಮಿತ್ತ ಪ್ರತಿನಿಧಿಗಳು, ಎಂದರೆ ‘ಸೂಪರ್‌ಡೆಲಿಗೇಟ್’ಗಳು, ೧೯೮೪ರಿಂದ ಸಮ್ಮೇಳನದಲ್ಲಿ ಕುಳಿತರು. ಹೀಗೆ ಜನರ ಆಯ್ಕೆ, ಮುಖಂಡರ ಆಯ್ಕೆ ಎಂಬ ಎರಡು ತತ್ತ್ವಗಳು ಒಂದೇ ಮನೆಯಲ್ಲಿ ಸಂಸಾರ ಮಾಡತೊಡಗಿದುವು. ೨೦೧೬ರ ವಿವಾದಕ್ಕೆ ಬೀಜ ಬಿದ್ದದ್ದು ಇಲ್ಲಿಯೇ.

೨

ಆ ವರ್ಷದ ದೂರುಗಳನ್ನೆಲ್ಲ ಒಂದೇ ರಾಶಿಗೆ ಹಾಕಿ ನೋಡುವುದು ವಾಡಿಕೆಯಾಗಿದೆ. ಹಾಗೆ ಮಾಡುವುದರಿಂದಲೇ ಗೊಂದಲ ಹುಟ್ಟುತ್ತದೆ. ನಿಯಮದಲ್ಲಿಯೇ ಇರುವ ಓರೆ ಬೇರೆ. ನಿಯಮವನ್ನು ನಡೆಸುವವನ ಓರೆ ಬೇರೆ.

ಮೊದಲನೆಯ ಬಗೆಗೆ ನ್ಯೂಯಾರ್ಕಿನ ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಲ್ಲಿಯ ಪ್ರಾಥಮಿಕ ಚುನಾವಣೆ ೨೦೧೬ರ ಏಪ್ರಿಲ್ ೧೯ರಂದು ನಡೆಯಿತು. ಆಗಲೇ ನೋಂದಣಿಯಾಗಿದ್ದ ಮತದಾರನು ಪಕ್ಷವನ್ನು ಬದಲಾಯಿಸಿಕೊಂಡು ಅದರಲ್ಲಿ ಮತ ಹಾಕಬೇಕಾದರೆ ಹಿಂದಿನ ಅಕ್ಟೋಬರ್ ೯ರೊಳಗೆ ಅರ್ಜಿ ಕೊಟ್ಟಿರಬೇಕಾಗಿತ್ತು. ಯಾವ ಪಕ್ಷಕ್ಕೂ ಸೇರದವರ ಒಲವನ್ನು ಹೆಚ್ಚಾಗಿ ಪಡೆದಿದ್ದ ಸ್ಯಾಂಡರ್ಸರಿಗೆ ಇದು ಪ್ರತಿಕೂಲವಾಯಿತೆಂಬುದು ನಿಜ. ಆದರೆ ಈ ಗಡುವು ಆಗ ರಾಜ್ಯದ ಕಾನೂನಾಗಿತ್ತು. ಈ ಸ್ಪರ್ಧೆಗಾಗಿ ಮಾಡಿದ್ದಲ್ಲ. ಬ್ರೂಕ್ಲಿನ್ನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಸರುಗಳು ಮತದಾರರ ಪಟ್ಟಿಯಿಂದ ಬಿಟ್ಟುಹೋದುದೂ ನಗರದ ಚುನಾವಣಾ ಮಂಡಲಿಯ ಲೋಪವೇ ಹೊರತು ಪಕ್ಷದ ಕೃತ್ಯವಲ್ಲ.

ಇನ್ನೊಂದು ಮಗ್ಗುಲನ್ನೂ ನೋಡಬೇಕು. ವಾಷಿಂಗ್‌ಟನ್ ರಾಜ್ಯದಲ್ಲಿ ಪ್ರತಿನಿಧಿಗಳ ಹಂಚಿಕೆಯಾದದ್ದು ಕಾಕಸ್ ಸಭೆಗಳ ಮೂಲಕ. ನಿಗದಿಯಾದ ಹೊತ್ತಿಗೆ ಬಂದು ಬಹಳ ಹೊತ್ತು ಕುಳಿತಿರಬಲ್ಲವರಿಗೆ ಮಾತ್ರ ಅಲ್ಲಿ ಧ್ವನಿಯುಂಟು. ಮಾರ್ಚಿಯಲ್ಲಿ ನಡೆದ ಆ ಸಭೆಗಳಲ್ಲಿ ಸ್ಯಾಂಡರ್ಸರಿಗೆ ಶೇಕಡ ೭೩ರಷ್ಟು ಬೆಂಬಲ ದೊರೆಯಿತು. ಅದೇ ರಾಜ್ಯದಲ್ಲಿ ಮೇ ತಿಂಗಳಲ್ಲಿ ಲೆಕ್ಕಕ್ಕಿಲ್ಲದ ಪ್ರಾಥಮಿಕ ಚುನಾವಣೆಯೊಂದು ನಡೆಯಿತು, ಮೂರು ಪಟ್ಟಿಗೂ ಹೆಚ್ಚು ಜನ ಅದರಲ್ಲಿ ಮತ ಹಾಕಿದರು, ಕ್ಲಿಂಟನ್ನರು ಗೆದ್ದರು. ನೆಬ್ರಾಸ್ಕದಲ್ಲಿಯೂ ಹೀಗೆಯೇ ಆಯಿತು. ನಿಯಮದ ಓರೆ ಒಂದೇ ದಿಕ್ಕಿಗಿರಲಿಲ್ಲವೆಂಬುದನ್ನು ಒಪ್ಪದೆ ಗತ್ಯಂತರವಿಲ್ಲ. ತನಗೆ ಅನುಕೂಲವಾದ ಓರೆಯನ್ನು ಕಾಣದೆ, ಅನನುಕೂಲವಾದುದನ್ನು ಮಾತ್ರ ಎಣಿಸಿದ್ದು ಸ್ಯಾಂಡರ್ಸರ ಬೆಂಬಲಿಗರಲ್ಲಿ ಹಲವರ ವಾದದ ದೊಡ್ಡ ದೋಷ.

ಎರಡನೆಯ ಬಗೆಯ ದೂರುಗಳು ಇಷ್ಟು ಸುಲಭವಾಗಿ ಕರಗುವುದಿಲ್ಲ. ರಾಷ್ಟ್ರೀಯ ಸಮಿತಿಯು ಮೊದಲಿಗೆ ಆರು ಚರ್ಚಾಕೂಟಗಳನ್ನು ಮಾತ್ರ ಗೊತ್ತುಪಡಿಸಿತು. ಅಯೋವಾದ ಮತದಾನಕ್ಕೆ ಮೊದಲು ನಡೆದ ನಾಲ್ಕರಲ್ಲಿ ಮೂರು, ಜನ ದೂರದರ್ಶನದ ಮುಂದೆ ಕುಳಿತುಕೊಳ್ಳುವುದು ಕಡಮೆಯಾದ ಶನಿವಾರ ಭಾನುವಾರಗಳಂದು ಬಿದ್ದುವು. ಹೊಸ ಮುಖಕ್ಕೆ ಇದರಿಂದ ನಷ್ಟ, ಪರಿಚಿತ ಮುಖಕ್ಕೆ ಲಾಭ. ಜುಲೈ ೨೨ರಂದು ವಿಕಿಲೀಕ್ಸ್ ಸಂಸ್ಥೆಯು ಸಮಿತಿಯ ಸುಮಾರು ಇಪ್ಪತ್ತು ಸಾವಿರ ಮಿಂಚಂಚೆಗಳನ್ನು ಹೊರಗೆಡಹಿದಾಗ, ಸ್ಯಾಂಡರ್ಸರ ಮತಧರ್ಮದ ನಂಬಿಕೆಯನ್ನು ಅವರ ವಿರುದ್ಧ ಬಳಸಬಹುದೇ ಎಂದು ಸಮಿತಿಯ ಅಧಿಕಾರಿಯೊಬ್ಬರು ಸೂಚಿಸಿದ್ದುದು ಬೆಳಕಿಗೆ ಬಂದಿತು. ಅಧ್ಯಕ್ಷೆ ಡೆಬಿ ವಾಸರ್‌ಮನ್ ಷುಲ್ಟ್ಸ್ ಸಮ್ಮೇಳನದ ಮುನ್ನಾದಿನ ರಾಜೀನಾಮೆಯನ್ನು ಘೋಷಿಸಿದರು. ಸಮಿತಿಯು ಕ್ಷಮೆ ಕೇಳಿತು. ಪತ್ರಗಳನ್ನು ಕದ್ದವರು ರಷ್ಯದ ಸೇನಾ ಗೂಢಚಾರರೆಂದು ೨೦೧೮ರಲ್ಲಿ ಅಮೆರಿಕದ ಸರ್ಕಾರ ಆರೋಪ ಹೊರಿಸಿತು. ಕದ್ದವರ ದುರುದ್ದೇಶ ಒಂದು ಮಾತು; ಪತ್ರದಲ್ಲಿ ಬರೆದಿದ್ದುದು ಇನ್ನೊಂದು ಮಾತು. ಮೊದಲನೆಯದು ಎರಡನೆಯದನ್ನು ಅಳಿಸಲಾರದು.

ಎಲ್ಲಕ್ಕಿಂತ ಗಹನವಾದುದು ೨೦೧೭ರಲ್ಲಿ ಸಮಿತಿಯ ಮಾಜಿ ಹಂಗಾಮಿ ಅಧ್ಯಕ್ಷೆ ಡಾನ ಬ್ರೆಜಿಲ್ ಬಯಲಿಗೆ ತಂದ ಒಪ್ಪಂದ. ಸಾಲದಲ್ಲಿ ಮುಳುಗಿದ್ದ ಸಮಿತಿಗೆ ಹಣ ಒದಗಿಸುವುದಕ್ಕೆ ಪ್ರತಿಯಾಗಿ, ಒಂದು ಮತವೂ ಬೀಳುವುದಕ್ಕೆ ಮೊದಲೇ, ೨೦೧೫ರ ಆಗಸ್ಟಿನಲ್ಲಿಯೇ, ಪ್ರಚಾರಶಾಖೆಯ ಮುಖ್ಯಸ್ಥರ ನೇಮಕ ಮೊದಲಾದ ವಿಷಯಗಳಲ್ಲಿ ಕ್ಲಿಂಟನ್ನರ ಕಡೆಯವರಿಗೆ ಮಾತಿನ ಹಕ್ಕು ದೊರೆತಿತ್ತು. ಸಮಿತಿಯ ನಿಷ್ಪಕ್ಷಪಾತದ ಕರ್ತವ್ಯಕ್ಕೆ ಇದರಿಂದ ಬಾಧೆಯಿಲ್ಲವೆಂದು ಆ ಒಪ್ಪಂದದಲ್ಲಿಯೇ ಬರೆದಿತ್ತು! ಅಂಥ ವಾಕ್ಯವೊಂದನ್ನು ಬರೆಯಬೇಕೆಂದು ತೋರಿದುದೇ ಅದರ ಅಗತ್ಯವನ್ನು ಸಾರುತ್ತದೆ. ಆಟಗಾರನಿಂದ ಸಂಬಳ ಪಡೆಯುವ ತೀರ್ಪುಗಾರನು ಎಷ್ಟೇ ಪ್ರಾಮಾಣಿಕನಾಗಿರಲಿ, ಅವನ ತೀರ್ಪನ್ನು ಎದುರಾಳಿ ನಂಬಬೇಕೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ.

೩

ಇನ್ನು ವಾದಿಗಳು ಬಳಸಿದ ತರ್ಕ. ಕ್ಲಿಂಟನ್ನರ ಕಡೆಯವರು ಲೆಕ್ಕವನ್ನು ಮುಂದಿಟ್ಟರು: ಅವರಿಗೆ ಸುಮಾರು ೧ ಕೋಟಿ ೬೯ ಲಕ್ಷ ಮತ, ಸ್ಯಾಂಡರ್ಸರಿಗೆ ೧ ಕೋಟಿ ೩೨ ಲಕ್ಷ, ಸೂಪರ್‌ಡೆಲಿಗೇಟ್‌ಗಳನ್ನು ಬಿಟ್ಟರೂ ಮತದಾನಕ್ಕೆ ಬದ್ಧರಾದ ಪ್ರತಿನಿಧಿಗಳಲ್ಲಿ ಸ್ಪಷ್ಟ ಬಹುಮತ, ಆದುದರಿಂದ ಪಕ್ಷಪಾತದ ಮಾತು ನಿರಾಧಾರ. ಸ್ಯಾಂಡರ್ಸರ ಕಡೆಯವರು ಇದನ್ನೇ ತಿರುಗಿಸಿ ಹೇಳಿದರು: ಪಕ್ಷಪಾತ ನಡೆದಿದೆ, ಆದುದರಿಂದ ಗೆಲುವು ನಮ್ಮದಾಗಬೇಕಾಗಿತ್ತು. ಎರಡೂ ವಾದಗಳು ಪರಸ್ಪರ ವಿರುದ್ಧವೆಂದು ತೋರಿದರೂ ಅವುಗಳ ಬುಡದಲ್ಲಿರುವ ನಂಬಿಕೆ ಒಂದೇ: ಪಕ್ಷಪಾತದ ಸತ್ಯಾಸತ್ಯತೆ ಫಲದಿಂದ ತಿಳಿಯುತ್ತದೆ ಎಂಬುದು. ನಮ್ಮ ಅಭಿಪ್ರಾಯದಲ್ಲಿ ಈ ನಂಬಿಕೆಯೇ ತಪ್ಪು.

ಭಾರತದ ಗದಾಯುದ್ಧ ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಭೀಮನು ತೊಡೆಗೆ ಹೊಡೆದಾಗ, ಇಬ್ಬರಿಗೂ ಗುರುವಾದ ಬಲರಾಮನು ಕೆರಳಿ ನಿಂತನಷ್ಟೆ. ದುರ್ಯೋಧನನು ಧರ್ಮಾತ್ಮನೆಂದು ಅವನು ಕೆರಳಲಿಲ್ಲ. ಹೊಡೆತ ನೇರವಾಗಿದ್ದಿದ್ದರೆ ಗೆಲ್ಲುವವನು ಯಾರೆಂಬ ಲೆಕ್ಕವನ್ನೂ ಹಾಕಲಿಲ್ಲ. ನಾಭಿಯಿಂದ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ನಿಯಮ; ಅದು ಮುರಿಯಿತು. ಅಷ್ಟೇ ಅವನ ಆಕ್ಷೇಪ. ನ್ಯಾಯವು ನಡತೆಯ ಗುಣ, ಫಲದ ಗುಣವಲ್ಲವೆಂಬ ವಿವೇಕ ಈ ಕೋಪದಲ್ಲಿ ಅಡಗಿದೆ.

ಸ್ಪರ್ಧೆಯ ನ್ಯಾಯದಿಂದ ಗೆದ್ದವನಿಗಿಂತ ಹೆಚ್ಚಿನ ಪ್ರಯೋಜನ ಸೋತವನಿಗೆ. ಅವನಿಗಿಂತಲೂ ಹೆಚ್ಚಾಗಿ, ನಾಳೆ ಅವನ ನೆರವನ್ನು ಬೇಡಬೇಕಾದ ಪಕ್ಷಕ್ಕೆ. ತಾನು ಸೋತದ್ದು ಸರಿಯಾಗಿಯೇ ಸೋತೆನೆಂದು ಅವನು ಒಪ್ಪಿದರೆ ಮಾತ್ರ ಪಕ್ಷ ಒಂದಾಗಿ ಉಳಿಯುತ್ತದೆ. ೩೭ ಲಕ್ಷ ಮತಗಳ ಅಂತರವನ್ನು ಎಷ್ಟು ಸಲ ಎಣಿಸಿ ತೋರಿಸಿದರೂ ಆ ಒಪ್ಪಿಗೆ ಹುಟ್ಟುವುದಿಲ್ಲ. ಎಣಿಕೆಗೆ ಮೊದಲು ಏನು ನಡೆಯಿತೆಂಬುದೇ ಅವನ ಪ್ರಶ್ನೆಯಾಗಿರುವಾಗ, ಎಣಿಕೆಯನ್ನೇ ಉತ್ತರವಾಗಿ ಕೊಟ್ಟರೆ ಏನು ಫಲ? ಹೇಗೂ ಗೆಲ್ಲಬಲ್ಲವರಿಗೆ ಅನವಶ್ಯಕವಾಗಿ ನೆರವಾಗಿ, ಅವರ ನಿಜವಾದ ಗೆಲುವಿಗೂ ಕಲೆ ಹಚ್ಚಿದುದೇ ಸಮಿತಿಯ ದೊಡ್ಡ ಅಪರಾಧ. ಜೂನ್ ೭ರಂದು ಕ್ಯಾಲಿಫೋರ್ನಿಯದ ಜನ ಮತ ಹಾಕಬೇಕಾಗಿತ್ತು. ಸೂಪರ್‌ಡೆಲಿಗೇಟ್‌ಗಳನ್ನೂ ಸೇರಿಸಿ ಎಣಿಸಿ, ಕ್ಲಿಂಟನ್ನರು ಗೆದ್ದಾಯಿತೆಂದು ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆ ಹಿಂದಿನ ಸಂಜೆಯೇ ಸಾರಿತು. ಗಣಿತ ಸರಿಯಾಗಿತ್ತು. ಆದರೆ ಮರುದಿನ ಮತಗಟ್ಟೆಗೆ ಹೋದವನಿಗೆ ತನ್ನ ಮತದ ಬೆಲೆಯೇನೆಂದು ತೋರಿರಬೇಕು!

೪

ಸ್ಯಾಂಡರ್ಸರ ಕೆಲವರು ಬೆಂಬಲಿಗರೂ ಪಕ್ಷಕ್ಕೆ ಹಣ ಕೊಟ್ಟಿದ್ದವರೂ ನ್ಯಾಯಾಲಯಕ್ಕೆ ಹೋದರು. ೨೦೧೭ರ ಏಪ್ರಿಲಿನ ವಿಚಾರಣೆಯಲ್ಲಿ ಸಮಿತಿಯ ವಕೀಲರು, ಪಕ್ಷವು ಬಯಸಿದ್ದರೆ ಹಿಂದಿನ ಕಾಲದಂತೆ ಒಳಕೋಣೆಯಲ್ಲಿ ಕುಳಿತು ಚುಟ್ಟ ಸೇದುತ್ತ ಅಭ್ಯರ್ಥಿಯನ್ನು ಆರಿಸಬಹುದಾಗಿತ್ತೆಂಬ ಅರ್ಥದ ಮಾತನ್ನಾಡಿದರು. ಆಗಸ್ಟಿನಲ್ಲಿ ನ್ಯಾಯಾಧೀಶ ವಿಲಿಯಂ ಜ್ಲಾಕ್ ಮೊಕದ್ದಮೆಯನ್ನು ವಜಾ ಮಾಡಿದರು. ೨೦೧೯ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಪಕ್ಷಪಾತ ನಡೆಯಲಿಲ್ಲವೆಂದು ನ್ಯಾಯಾಧೀಶರು ತೀರ್ಮಾನಿಸಲಿಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ಇಂಥ ಅಸಮಾಧಾನಕ್ಕೆ ಪರಿಹಾರ ಮತಪೆಟ್ಟಿಗೆಯಲ್ಲಿ, ಪಕ್ಷದ ಒಳವ್ಯವಸ್ಥೆಯಲ್ಲಿ, ವಾಕ್‌ಸ್ವಾತಂತ್ರ್ಯದಲ್ಲಿ ಇದೆಯೇ ಹೊರತು ನ್ಯಾಯಾಲಯದಲ್ಲಿ ಇಲ್ಲವೆಂದಷ್ಟೇ ಅವರ ಮಾತು.

ವಕೀಲರ ವಾದ ಕಾನೂನಿನಲ್ಲಿ ನಿಂತಿರಬಹುದು, ನೀತಿಯಲ್ಲಿ ನಿಲ್ಲುವುದಿಲ್ಲ. ಪಕ್ಷವು ಕೇವಲ ಖಾಸಗಿ ಕೂಟವಲ್ಲವೆಂಬುದನ್ನು ಅಮೆರಿಕದ ಸುಪ್ರೀಂ ಕೋರ್ಟೇ ೧೯೪೪ರ ಸ್ಮಿತ್–ಆಲ್‌ರೈಟ್ ಮೊಕದ್ದಮೆಯಲ್ಲಿ ಒಪ್ಪಿತ್ತು. ಟೆಕ್ಸಾಸಿನ ಡೆಮಾಕ್ರಟಿಕ್ ಪಕ್ಷ ತನ್ನ ಪ್ರಾಥಮಿಕ ಚುನಾವಣೆಯಿಂದ ಕರಿಯರನ್ನು ಹೊರಗಿಟ್ಟಾಗ, ಪ್ರಾಥಮಿಕ ಚುನಾವಣೆಯೂ ಚುನಾವಣೆಯ ಅಂಗವೇ ಎಂದು ಹೇಳಿ ಆ ನಿಷೇಧವನ್ನು ಅದು ರದ್ದು ಮಾಡಿತು. ವರ್ಣಭೇದವೂ ಚರ್ಚಾಕೂಟದ ವೇಳಾಪಟ್ಟಿಯೂ ಒಂದೇ ತೂಕದವೆಂದು ನಾವು ಹೇಳುತ್ತಿಲ್ಲ. ಸರ್ಕಾರದ ವೆಚ್ಚದಲ್ಲಿ, ಸರ್ಕಾರದ ಮತಗಟ್ಟೆಗಳಲ್ಲಿ ಹೆಚ್ಚಿನ ರಾಜ್ಯಗಳು ನಡೆಸಿಕೊಡುವ ಚುನಾವಣೆಯ ಘನತೆಯನ್ನು ಪಡೆದುಕೊಂಡ ಪಕ್ಷವು, ಲೆಕ್ಕ ಕೇಳಿದಾಗ ಮಾತ್ರ ತಾನು ಖಾಸಗಿ ಮನೆಯೆಂದು ಬಾಗಿಲು ಹಾಕಿಕೊಳ್ಳುವುದು ಸಲ್ಲದೆಂಬುದಷ್ಟೇ ನಮ್ಮ ಮಾತು.

೫

೨೦೧೮ರ ಆಗಸ್ಟಿನಲ್ಲಿ ರಾಷ್ಟ್ರೀಯ ಸಮಿತಿಯು ನಿಯಮವನ್ನು ತಿದ್ದಿತು: ಫಲಿತಾಂಶ ಮೊದಲೇ ಖಚಿತವಾಗಿದ್ದ ಹೊರತು ಸೂಪರ್‌ಡೆಲಿಗೇಟ್‌ಗಳು ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ. ವಾಷಿಂಗ್‌ಟನ್ ಮೊದಲಾದ ರಾಜ್ಯಗಳು ಕಾಕಸ್ ಸಭೆಯನ್ನು ಬಿಟ್ಟು ಪ್ರಾಥಮಿಕ ಚುನಾವಣೆಗೆ ತಿರುಗಿದುವು. ಇವು ಸ್ತುತ್ಯವಾದ ಸುಧಾರಣೆಗಳೇ. ಆದರೆ ಇವು ಮೇಲೆ ಹೇಳಿದ ಮೊದಲನೆಯ ಬಗೆಯ ಓರೆಯನ್ನು ತಿದ್ದುತ್ತವೆ, ಎರಡನೆಯದನ್ನು ಮುಟ್ಟುವುದಿಲ್ಲ. ೨೦೨೩ರ ಫೆಬ್ರವರಿಯಲ್ಲಿ, ಅಧಿಕಾರದಲ್ಲಿದ್ದ ಅಧ್ಯಕ್ಷ ಬೈಡನ್ನರ ಸೂಚನೆಯಂತೆ, ಹಿಂದಿನ ಸಲ ಅವರನ್ನು ಐದನೆಯ ಸ್ಥಾನಕ್ಕೆ ತಳ್ಳಿದ್ದ ನ್ಯೂಹ್ಯಾಂಪ್‌ಷೈರನ್ನು ಹಿಂದಕ್ಕೆ ಸರಿಸಿ, ಅವರನ್ನು ಗೆಲ್ಲಿಸಿದ್ದ ದಕ್ಷಿಣ ಕ್ಯಾರೊಲಿನವನ್ನು ಮತದಾನದ ಸರದಿಯ ಮೊದಲಲ್ಲಿ ನಿಲ್ಲಿಸಿದುದು ಇದಕ್ಕೆ ಸಾಕ್ಷಿ. ಕರಿಯ ಮತದಾರರಿಗೆ ಮೊದಲ ಮಾತು ದೊರೆಯಬೇಕೆಂಬ ಕಾರಣ ಯೋಗ್ಯವಾದುದೇ. ಆದರೂ ಆಟಗಾರನೇ ಅಂಗಳಕ್ಕೆ ಗೆರೆ ಎಳೆದಾಗ, ಗೆರೆ ನೇರವಾಗಿದ್ದರೂ ಸಂಶಯ ತಪ್ಪುವುದಿಲ್ಲ.

ಆದುದರಿಂದ ಸನ್ನದಿನ ಆ ವಿಧಿ ವ್ಯರ್ಥವೆಂದು ತೀರ್ಮಾನಿಸಬೇಕಾಗಿಲ್ಲ. ಅದರಲ್ಲಿ ದೋಷವಿಲ್ಲ, ಅದು ಒಂಟಿಯಾಗಿದೆ. ಅದನ್ನು ಪ್ರಶ್ನಿಸಿ ಕೇಳುವ ಸ್ವತಂತ್ರ ಮಂಡಲಿಯಿಲ್ಲ, ಮುರಿದವರಿಗೆ ವಿಧಿಸಿದ ದಂಡವಿಲ್ಲ. ಕದ್ದ ಪತ್ರಗಳು ಹೊರಬೀಳುವವರೆಗೆ ಭಂಗ ತಿಳಿಯುವ ದಾರಿಯೂ ಇರಲಿಲ್ಲ. ಉಮೇದುವಾರರಿಂದ ಸಮಿತಿ ಪಡೆಯುವ ಹಣದ ಒಪ್ಪಂದಗಳೆಲ್ಲ ಸ್ಪರ್ಧೆ ನಡೆಯುತ್ತಿರುವಾಗಲೇ ಎಲ್ಲ ಉಮೇದುವಾರರಿಗೂ ತಿಳಿಯುವಂತಾದರೆ, ವೇಳಾಪಟ್ಟಿಯನ್ನು ಉಮೇದುವಾರರು ಯಾರೆಂದು ಗೊತ್ತಾಗುವ ಮೊದಲೇ ಹಲವು ವರ್ಷಗಳಿಗೆ ಸ್ಥಿರಪಡಿಸಿದರೆ, ಆ ಮಾತಿಗೆ ಕಾವಲು ದೊರೆತಂತಾಗುತ್ತದೆ. ೧೯೧೨ರಲ್ಲಿ ೨೩೫ ಸ್ಥಾನಗಳನ್ನು ಗೆದ್ದು ಚುನಾವಣೆಯನ್ನು ಸೋತ ಪಕ್ಷದ ಕಥೆ ಬೋಧಿಸುವುದೂ ಇದನ್ನೇ. ಪಕ್ಷದೊಳಗಿನ ಪಕ್ಷಪಾತಕ್ಕೆ ಬೆಲೆ ತೆರುವವನು ಸೋತ ಉಮೇದುವಾರನೊಬ್ಬನೇ ಅಲ್ಲ. ಕಟ್ಟಕಡೆಗೆ ಆ ಬೆಲೆ ಪಕ್ಷದ ಲೆಕ್ಕಕ್ಕೇ ಬೀಳುತ್ತದೆ.